ಒಗೆಯದೆ ಕುಗ್ಗಿದ ಪ್ಯಾಂಟು

ಊರಿನವರ ಸೊಂಟದ ಗುಟ್ಟೆಲ್ಲ ಟೈಲರಿಗೆ ಗೊತ್ತಿತ್ತು. ಹಳೆಯ ಪ್ಯಾಂಟು ಬಿಗಿಯಾಯಿತೆಂದು ಯಾರೇ ಬರಲಿ, "ಒಗೆದು ಒಗೆದು ಬಟ್ಟೆ ಕುಗ್ಗಿದೆ ಸಾರ್" ಎನ್ನುತ್ತ, ತುಟಿಯಂಚಿನಲ್ಲೂ ನಗು ತೋರದೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಿದ್ದ.

ಆ ಭಾನುವಾರ ಅವನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬೀರು ಖಾಲಿ ಮಾಡಲು ನಿಂತಳು. ಹಾಕದ ಬಟ್ಟೆಯೆಲ್ಲ ಚೀಲಕ್ಕೆ, ಚೀಲ ಬೇಕಾದವರಿಗೆ. ಮೊದಲು ಕೈಗೆ ಸಿಕ್ಕಿದ್ದೇ ಅವನ ಮದುವೆಯ ಕಂದು ಪ್ಯಾಂಟು.

"ಅದು ಇರ್ಲಿ ಬಿಡೇ. ಒಂಚೂರು ಕುಗ್ಗಿದೆ, ಅಷ್ಟೇ," ಎಂದ ಟೈಲರ್.

"ಒಂದ್ಸಲಾನೂ ನೀರು ಕಂಡಿಲ್ಲ ಇದು. ಬೀರು ಒಳಗೆ ಕೂತ್ಕೊಂಡೇ ಕುಗ್ಗಿತಾ? ಗಿರಾಕಿಗಳ ಕಿವಿ ಮೇಲೆ ಹೂವಿಟ್ಟ ಹಾಗೆ ನನಗೂ ಇಡ್ಬೇಡಿ."

ಪ್ಯಾಂಟು ಚೀಲ ಸೇರಿತು.

ಬೀರುವಿನ ತಳದಲ್ಲಿದ್ದ ಬಟ್ಟೆಗಂಟು ಬಿಚ್ಚಿದಾಗ ಅವಳ ಮದುವೆಯ ರವಿಕೆ ಸಿಕ್ಕಿತು. ಅವನೇ ಹೊಲಿದದ್ದು. ಅವಳು ಆಸೆಯಿಂದ ತೋಳು ತೂರಿಸಿದಳು. ಅದು ಮೊಣಕೈ ದಾಟಲಿಲ್ಲ. ಕನ್ನಡಿಯಲ್ಲಿ ಗಂಡನ ಮುಖ ಕಂಡು, ಈಗ ಬಾಯಿ ಬಿಡಿ ನೋಡೋಣ ಎಂಬಂತೆ ಹುಬ್ಬೇರಿಸಿದಳು.

ಟೈಲರ್ ಕೊರಳಲ್ಲಿದ್ದ ಟೇಪನ್ನು ಸರಿಮಾಡಿಕೊಂಡ.

"ಅದು ನಂದೇ ತಪ್ಪು ಕಣೇ. ನಿನ್ನ ಅಳತೆ ತಗೊಳ್ಳೋವಾಗ ಕೈ ನಡುಗ್ತಾ ಇತ್ತು. ಬಿಗಿಯಾಗಿ ಹೊಲಿದ್ಬಿಟ್ಟೆ."

ಅವಳು ರವಿಕೆಯನ್ನು ಮಡಿಸಿ ಬೀರುವಿನಲ್ಲಿಟ್ಟಳು. ಆಮೇಲೆ ಚೀಲಕ್ಕೆ ಕೈಹಾಕಿ ಕಂದು ಪ್ಯಾಂಟನ್ನು ಎಳೆದು, ಕೊಡವಿ, ರವಿಕೆಯ ಪಕ್ಕದಲ್ಲೇ ಇಟ್ಟು ಬಾಗಿಲು ಹಾಕಿದಳು.

"ಈ ಬೀರು ಒಳಗೆ ಯಾಕೋ ತೇವ ಜಾಸ್ತಿ ರೀ," ಎಂದಳು. "ಏನಿಟ್ರೂ ಕುಗ್ಗುತ್ತೆ."