ಅಳತೆ ರವಿಕೆ

ಕೃಷ್ಣಮೂರ್ತಿಪುರಂನ ಬಸಮ್ಮನವರಿಗೆ ಜಂಬವಿದ್ದದ್ದು ಎರಡೇ ವಿಷಯದಲ್ಲಿ: ತಮ್ಮ ಹೊಲಿಗೆ, ತಮ್ಮ ಅಳಿಯ. ಗಂಡ ತೀರಿಕೊಂಡ ಮೇಲೆ ಜಗಲಿಯಲ್ಲಿ ಮಿಷನ್ ಹಾಕಿಕೊಂಡು, ಬೀದಿಗೆಲ್ಲ ರವಿಕೆ ಹೊಲಿದು, ಮಗಳು ಪ್ರೇಮಲೀಲಾಳನ್ನು ಎಸ್ಸೆಸ್ಸೆಲ್ಸಿ ತನಕ ಓದಿಸಿದ್ದರು. ಅಳಿಯನನ್ನು ತಾವೇ ಹುಡುಕಿದ್ದರು. ಚಾಮುಂಡಿಪುರಂನಲ್ಲಿ ಮನೆ, ಕಚೇರಿಯಲ್ಲಿ ಗುಮಾಸ್ತಿಕೆ, ಎರಡು ಹೊತ್ತು ಲಿಂಗಪೂಜೆ, ಬೀಡಿಯಿಲ್ಲ, ಇಸ್ಪೀಟಿಲ್ಲ. ಹೆಂಡತಿಯ ರವಿಕೆ ಹೊಲಿಸುವುದಕ್ಕೂ ಏಕಾಂತಯ್ಯನೇ ಬರುವವನು. ಹೊಸ ರವಿಕೆ ಕಣ, ಅಳತೆಗೊಂದು ಹಳೆಯ ರವಿಕೆ, ಮೇಲೆ ಮುತ್ತಿನಂಥ ಅಕ್ಷರದ ಚೀಟಿ: "ತೋಳು ಮೊಳಕೈ ಕೆಳಗಿರಲಿ."

"ನಮ್ಮನೆಯವ್ರಿಗೆ ನಾನು ಸೀರೆ ಉಟ್ಟಿದ್ದೀನೋ ಗೋಣಿಚೀಲ ಉಟ್ಟಿದ್ದೀನೋ ಗೊತ್ತಾಗಲ್ಲ ಕಣ್ರೀ," ಎಂದು ಎದುರುಮನೆಯ ದೇವಿರಮ್ಮ ಕರುಬುತ್ತಿದ್ದರು. "ನಿಮ್ಮಳಿಯಂದ್ರು ಮಗಳನ್ನ ಬಿಸಿಲಿಗೇ ಕಳಿಸೋದಿಲ್ಲ!"

ಬಸಮ್ಮ ಬೀಗುತ್ತಿದ್ದರು. ಊರಿನ ಹುಡುಗಿಯರೆಲ್ಲ ಪಫ್ ತೋಳಿಗೆ ದುಂಬಾಲು ಬಿದ್ದಿದ್ದಾಗ ಮಗಳ ತೋಳು ಕೆಳಗಿಳಿಯುತ್ತಿದ್ದುದು ಅವರಿಗೆ ಮರ್ಯಾದೆಯಾಗಿ ಕಂಡಿತ್ತು.

ಕಸಿವಿಸಿಯಾದದ್ದು ಬೇರೆ ಕಾರಣಕ್ಕೆ. ಅಳತೆಗೆ ಬಂದ ರವಿಕೆಯ ಎಡಭುಜದ ಹೊಲಿಗೆ ಬಿಟ್ಟಿತ್ತು. ತಾವೇ ಹೊಲಿದದ್ದು! ದಾರ ಮಾರಿದವನನ್ನು ಬೈದರು. ಗೌರಿಹಬ್ಬಕ್ಕೆ ಬಂದ ರವಿಕೆಯಲ್ಲೂ ಅದೇ ಜಾಗ. ಈ ಸಲ ಹೊಸ ರವಿಕೆಗೆ ಒಳಗೆ ಪಟ್ಟಿ ಕೊಟ್ಟು, ಎರಡೆರಡು ಹೊಲಿಗೆ ಓಡಿಸಿ, "ಇನ್ನು ಆನೆ ಎಳೆದ್ರೂ ಬಿಡಲ್ಲ" ಎಂದು ಕಳಿಸಿದರು.

ಐವತ್ತೆಂಟನೇ ಇಸವಿಯ ಯುಗಾದಿಗೆ ಅದೇ ರವಿಕೆ ಅಳತೆಗೆ ಬಂತು. ಹೊಲಿಗೆ ಒಂದೆಳೆಯೂ ಕದಲಿರಲಿಲ್ಲ. ಅದರ ಪಕ್ಕದಲ್ಲಿ ಬಟ್ಟೆ ನಾಲ್ಕು ಬೆರಳುದ್ದ ಸೀಳಿತ್ತು.

ಸವೆದು ಹರಿದದ್ದು ಯಾವುದು, ಹಿಡಿದು ಎಳೆದದ್ದು ಯಾವುದು ಎಂದು ಇಪ್ಪತ್ತು ವರ್ಷ ಹೊಲಿದ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಅರ್ಥವಾಗಲು ಮೂರು ರವಿಕೆ ಬೇಕಾಯಿತು. ಹಬ್ಬಕ್ಕೆ ಬಂದಾಗಲೆಲ್ಲ ಅಳಿಯ ತಾಯಿಮಗಳ ನಡುವೆಯೇ ಕೂರುತ್ತಿದ್ದುದು, "ಹೇಗಿದ್ದೀಯವ್ವ" ಎಂದರೆ ಅವನೇ "ಚೆನ್ನಾಗಿದ್ದಾಳೆ" ಎನ್ನುತ್ತಿದ್ದುದು ಒಟ್ಟಿಗೇ ನೆನಪಾಯಿತು.

ಮಾರನೆಯ ದಿನ, ಬುಧವಾರ, ಚಾಮುಂಡಿಪುರಂಗೆ ನಡೆದರು. ಪ್ರೇಮಲೀಲಾ ಅರ್ಧ ಬಾಗಿಲು ತೆರೆದಳು.

"ಅವರಿಲ್ಲ ಕಣವ್ವ."

"ಇಲ್ಲ ಅಂತಲೇ ಬಂದೆ. ತೋಳು ತೋರಿಸು."

"ಬಚ್ಚಲಲ್ಲಿ ಜಾರಿದೆ."

"ಮೂರು ಸಲಾನೂ ಅದೇ ಭುಜ ಹಿಡಿದು ಬೀಳ್ಸೋ ಬಚ್ಚಲನ್ನ ಯಾವ ಗಾರೆಯವನು ಕಟ್ಟಿದ?"

ಮಗಳಿಗೆ ನಗು ಬಂತು. ಹಿಂದೆಯೇ ಅಳುವೂ ಬಂತು. "ತಪ್ಪು ನಂದೇ. ಎದುರು ಮಾತಾಡ್ಬುಟ್ಟೆ."

"ನಿಮ್ಮಪ್ಪನಿಗೆ ನಾನು ದಿನಾ ಎದುರು ಮಾತಾಡ್ತಿದ್ದೆ. ನನ್ನ ರವಿಕೆ ಒಂದೂ ಹರೀಲಿಲ್ಲ."

"ಮಠದ ಹಿರಿಯರೊಬ್ಬರಿಗೆ ಹೇಳ್ದೆ. ನಂಗೆ ತಾಳ್ಮೆ ಇರಲಿ ಅಂದ್ರು. ನಮ್ಮನೆಯವ್ರನ್ನೂ ಕರೆಸಿ ಬುದ್ಧಿ ಹೇಳಿದ್ರು. ಎರಡನೇ ರವಿಕೆ ಅವತ್ತೇ ಹರಿದದ್ದು."

ಬಸಮ್ಮ ಸೆರಗಿನಿಂದ ಮಗಳ ಕಣ್ಣು ಒರೆಸಿದರು. "ಹುಡುಕಿದವಳು ನಾನು. ತಪ್ಪು ಹಂಚೋದಾದ್ರೆ ಮೊದಲ ಪಾಲು ನಂಗೆ ಹಾಕು. ಏಳು, ಚಪ್ಪಲಿ ಮೆಟ್ಕೋ."

ಕೃಷ್ಣಮೂರ್ತಿಪುರಂನ ಮಹಿಳಾ ಸಮಾಜದ ಹಿಂದಿನ ಕೋಣೆಯಲ್ಲಿ, ನಿವೃತ್ತ ಹೆಡ್‌ಮಿಸ್ಟ್ರೆಸ್ ಮಂಗಳಮ್ಮ ಬುಧವಾರ ಬುಧವಾರ ಹೆಂಗಸರ ಕಷ್ಟ ಕೇಳಿ ಸಲಹೆ ಕೊಡುತ್ತಿದ್ದರು. ಬಸಮ್ಮ ಕೂರುವ ಮೊದಲೇ ಶುರುಮಾಡಿದರು: "ನೋಡಿ, ಇವಳ ಗಂಡ—"

"ಅವಳಿಗೆ ಬಾಯಿದೆಯಲ್ಲ, ಬಸಮ್ಮನವರೇ? ನೀವು ಹೊರಗೆ ಕೂತಿರಿ."

ಇಡೀ ಬೀದಿಯ ಪರವಾಗಿ ಮಾತಾಡಿ ಅಭ್ಯಾಸವಿದ್ದ ಬಸಮ್ಮನಿಗೆ ಇದು ಅವಮಾನವೇ. ಆದರೂ ಬೆಂಚಿನ ಮೇಲೆ ಕೂತರು. ಒಳಗಿನಿಂದ ಪ್ರಶ್ನೆಗಳು ಕೇಳಿಸುತ್ತಿದ್ದವು: ಮೊದಲ ಸಲ ಯಾವಾಗ? ಇದು ಯಾರ್ಯಾರಿಗೆ ಗೊತ್ತು? ಇವತ್ತು ಎಲ್ಲಿ ಮಲಗುತ್ತೀ? "ನೀನೇನು ಮಾಡಿದೆ" ಎಂಬ ಪ್ರಶ್ನೆ ಮಾತ್ರ ಬರಲೇ ಇಲ್ಲ. ಮಗಳ ದನಿ ಮೊದಲು ಕೇಳಿಸಲಿಲ್ಲ, ಆಮೇಲೆ ಕೇಳಿಸಿತು, ಆಮೇಲೆ ನಿಲ್ಲಲೇ ಇಲ್ಲ.

ತಾಯಿಮಗಳು ಹೊರಬೀಳುವಾಗ ಗೇಟಿನಲ್ಲಿ ಏಕಾಂತಯ್ಯ ಸೈಕಲ್ ಹಿಡಿದು ನಿಂತಿದ್ದ. ಊಟಕ್ಕೆ ಬಂದು, ಮನೆ ಖಾಲಿಯಿದ್ದುದು ಕಂಡು, ಅತ್ತೆಮನೆಗೆ ಹೋಗಿ, ಎದುರುಮನೆಯ ದೇವಿರಮ್ಮನನ್ನು ವಿಚಾರಿಸಿ ಬಂದಿದ್ದ.

"ಏನತ್ತೆ, ಹೇಳಿ ಕಳಿಸಿದ್ರೆ ನಾನೇ ಕರ್ಕೊಂಡು ಬರ್ತಿದ್ದೆನಲ್ಲ," ಎಂದ ನಯವಾಗಿ. "ನಡಿ ಪ್ರೇಮ."

ಬಸಮ್ಮ ಬಾಯಿ ತೆರೆದರು, ಕಷ್ಟಪಟ್ಟು ಮುಚ್ಚಿದರು.

"ನಾನು ಬರೋಲ್ಲ," ಎಂದಳು ಪ್ರೇಮಲೀಲಾ. "ಅವ್ವನ ಮನೇಲಿರ್ತೀನಿ. ಮಾತಾಡೋದಿದ್ರೆ ಮುಂದಿನ ಬುಧವಾರ ಇಲ್ಲಿಗೇ ಬನ್ನಿ, ಮೇಡಂ ಮುಂದೆ."

"ಬೀದಿ ನೋಡ್ತಿದೆ."

"ನೋಡ್ಲಿ. ಅದು ನೋಡ್ತಿರೋದಕ್ಕೇ ನೀವು ಇಷ್ಟು ಮೆತ್ತಗೆ ಮಾತಾಡ್ತಿರೋದು."

ಅವನು ಬೀದಿಯ ಆಚೆ ಈಚೆ ನೋಡಿದ. ಸೈಕಲ್ ತಿರುಗಿಸಿಕೊಂಡ. ಪ್ರೇಮಲೀಲಾ ಆಗಲೇ ತಾಯಿಮನೆಯ ತಿರುವಿನಲ್ಲಿದ್ದಳು. ಬಸಮ್ಮನಿಗೆ ಅವಳ ಸಮಕ್ಕೆ ಬರಲು ಓಡಬೇಕಾಯಿತು.