ಎರಡು ಕೋಲು ಆರು ಬೆರಳು

ಹಸಿ ಹಲಸಿನ ಹಲಗೆಗೆ ಗರಗಸ ಹಾಕಿದಾಗ ಏಳುವ ಸಿಹಿ ಒಗರಿನ ವಾಸನೆಯಲ್ಲೇ ನೀಲಾವತಿ ಬೆಳೆದವಳು. ಅಪ್ಪ ಮಹಾಬಲ ಆಚಾರಿಗೆ ಜಾಲ್ಸೂರಿನಲ್ಲಿ ಮರದ ಕೆಲಸ. ಬಾಗಿಲಿರಲಿ, ಮಂಚವಿರಲಿ, ನೆಲದಲ್ಲಿ ಹೊಯಿಗೆ ಮರಳು ಹರಡಿ ಇದ್ದಷ್ಟೇ ಅಳತೆಗೆ ಗೀಟು ಎಳೆಯುವವರು. ಕಾಗದದ ಹಂಗು ಅವರಿಗಿರಲಿಲ್ಲ.

ಗುತ್ತಿಗಾರಿನಲ್ಲಿ ವಾಚನಾಲಯ ಕಟ್ಟಿದ ವರ್ಷ ಆ ಹಂಗೂ ಬಂತು. ಪುಸ್ತಕದ ಕಪಾಟಿನ ನಕ್ಷೆ ಕೊಟ್ಟರೆ ಕೆಲಸ, ಇಲ್ಲದಿದ್ದರೆ ಪುತ್ತೂರಿನ ಅಂಗಡಿಗೆ ಎಂದು ಸಮಿತಿಯ ದೇರಣ್ಣ ಗೌಡರು ತಿಳಿಸಿದರು. ಮಳೆಗಾಲದ ಮೊದಲು ಆಚಾರಿಯ ಕೈಯಲ್ಲಿ ಬೇರೆ ಕೆಲಸವಿರಲಿಲ್ಲ. ಹೈಸ್ಕೂಲು ಮುಗಿಸಿದ್ದ ನೀಲಾವತಿ ಪೆನ್ಸಿಲು ಹಿಡಿದಳು. ಅಪ್ಪನ ಅಳತೆಗೋಲು ಒಂದಕ್ಕೆ ಕಾಗದದಲ್ಲಿ ಒಂದಿಂಚು. ಕಪಾಟಿನ ಅಗಲ ಎರಡು ಕೋಲು ಆರು ಬೆರಳು.

ಅಪ್ಪ ಮಗಳು ಒಯ್ದ ನಕ್ಷೆಯನ್ನು ಗೌಡರು ತಮ್ಮ ಮನೆಯ ಜಗಲಿಯಲ್ಲಿ ಹರಡಿ ಅಳೆದರು. ಎರಡೂವರೆ ಇಂಚು. ಆಚಾರಿಯಿಂದ ನೆಲದ ಮೇಲೆ ಎರಡೂವರೆ ಕೋಲು ಗುರುತು ಹಾಕಿಸಿ, ವಾಚನಾಲಯದ ಗೋಡೆಯ ಜಾಗಕ್ಕೆ ಸರಿಯಾಗಿ ತುಂಡರಿಸಿದ್ದ ಹುರಿಯನ್ನು ಪಕ್ಕದಲ್ಲಿ ಎಳೆದರು. ಹುರಿ ಒಂದು ಚೋಟು ಗಿಡ್ಡ.

"ಎಂತ ಆಚಾರಿ, ನಿಮ್ಮ ಕಪಾಟು ಕಿಟಕಿಯಿಂದ ಹೊರಗೆ ಇಣುಕುದಾ?"

ನೀಲಾವತಿಗೆ ಕೂಡಲೇ ಗೊತ್ತಾಯಿತು. ಕೋಲಿಗೆ ಇಪ್ಪತ್ತನಾಲ್ಕು ಬೆರಳು. ಆರು ಬೆರಳೆಂದರೆ ಕಾಲು ಕೋಲು. ಅಡಿಗೆ ಹನ್ನೆರಡಿಂಚು ಎಂದು ಶಾಲೆಯಲ್ಲಿ ಪಳಗಿದ ಕೈ ಅದನ್ನು ಅರ್ಧ ಕೋಲು ಮಾಡಿಬಿಟ್ಟಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಮಾತಾಡಿದರು.

"ಅವಳದ್ದು ತಪ್ಪಲ್ಲ ಮಾರಾಯ್ರೆ. ಕೋಲಿಗೆ ಎಷ್ಟು ಬೆರಳು ಅಂತ ನಾನು ಹೇಳಿರ್ಲಿಲ್ಲ."

ಹೇಳಿದ್ದರು. ಅವಳಿಗೆ ಅಕ್ಷರ ಬರುವ ಮೊದಲೇ ಹೇಳಿಕೊಟ್ಟಿದ್ದರು.

ಗೌಡರು ಅಪ್ಪನನ್ನೂ ನೋಡಿದರು, ಮಗಳನ್ನೂ ನೋಡಿದರು. ಮಧ್ಯಾಹ್ನದ ಬಸ್ಸಿಗೆ ತಾನು ಸಮಿತಿಯ ಸಭೆಗೆ ಸುಳ್ಯಕ್ಕೆ ಹೋಗುವುದೆಂದೂ ಅಷ್ಟರೊಳಗೆ ಇನ್ನೊಂದು ಬರೆದರೆ ಒಯ್ಯಬಹುದೆಂದೂ ಹೇಳಿ ಒಳಗೆ ಹೋದರು.

ನೀಲಾವತಿ ಕಾಗದವನ್ನು ಮಗುಚಿ ಕುಳಿತಳು. ಇಂಚಿನ ಎಂಟನೇ ಒಂದು ಪಾಲಿಗೆ ಮೂರು ಬೆರಳು. ಈ ಸಲ ಪ್ರತಿ ಅಳತೆಯನ್ನೂ ಬಾಯಿಬಿಟ್ಟು ಹೇಳಿದಳು. ಅಪ್ಪ ತಮ್ಮ ಕೋಲಿನ ಮೇಲೆ ಬೆರಳಿಟ್ಟು ಹೂಂಗುಟ್ಟಿದರು. ಗೌಡರು ಅಂಗಿ ತೊಟ್ಟು ಬಂದು ಮತ್ತೆ ಅಳೆದರು, ಮತ್ತೆ ಹುರಿ ಎಳೆದರು. ಹುರಿಯ ತುದಿ ಗುರುತಿನ ಮೇಲೆಯೇ ಬಂದು ನಿಂತಿತು.

"ಕಪಾಟಿಗೆ ಮರ ನೋಡಿ ಇಡಿ," ಎಂದು ಅವರು ನಕ್ಷೆಯನ್ನು ಸುರುಳಿ ಸುತ್ತಿದರು.

ಜಾಲ್ಸೂರಿಗೂ ಅದೇ ಬಸ್ಸು, ಉಣ್ಣಲು ಹೊತ್ತಿರಲಿಲ್ಲ. ಆಚಾರಿ ಬೇರೆ ಮನೆಯಲ್ಲಿ ಬೇಯಿಸಿದ್ದನ್ನು ಉಣ್ಣುವವರಲ್ಲವೆಂದು ಗೌಡರ ಹೆಂಡತಿ ತಿಮ್ಮಕ್ಕನಿಗೆ ಗೊತ್ತಿತ್ತು. ಕಾಯಿ, ಬೆಲ್ಲ ಕಲಸಿದ ಅವಲಕ್ಕಿಯನ್ನು ಬಾಳೆಲೆಯಲ್ಲಿ ಕಟ್ಟಿ ತಂದು, ಮೆಟ್ಟಿಲಿಳಿಯುತ್ತಿದ್ದ ನೀಲಾವತಿಯ ಕೈಗಿಟ್ಟರು.