ಮೂರನೇ ಗುಂಡಿಗಿಳಿದ ಎಮ್ಮೆಗಳು

ಮುಕ್ತಿಯಾರ್ ಅಜ್ಜಂಪುರದ ಹತ್ತಿರ ಹಳ್ಳದ ಪಕ್ಕದ ಜಲ್ಲಿ ಕ್ವಾರಿಯಲ್ಲಿ ಮೇಸ್ತ್ರಿ. ಜಲ್ಲಿ ತೊಳೆದ ಕೆಮ್ಮಣ್ಣಿನ ನೀರು ನೇರವಾಗಿ ಹಳ್ಳಕ್ಕೆ ಹೋಗಬಾರದೆಂದು ತಾನೇ ಮುಂದೆ ನಿಂತು ಸಾಲಾಗಿ ಮೂರು ಗುಂಡಿ ತೋಡಿಸಿದ್ದ. ಮೊದಲನೆಯದರಲ್ಲಿ ಮರಳು ತಳ ಸೇರುತ್ತಿತ್ತು, ಎರಡನೆಯದರಲ್ಲಿ ರಾಡಿ. ಮೂರನೆಯದಕ್ಕೆ ಬರುವಷ್ಟರಲ್ಲಿ ನೀರು ತಿಳಿಯಾಗಿ ತಳ ಕಾಣುತ್ತಿತ್ತು. ಅದನ್ನೇ ಪಂಪಿನಿಂದ ಎತ್ತಿ ಮತ್ತೆ ಜಲ್ಲಿ ತೊಳೆಯುತ್ತಿದ್ದರು, ಮಿಕ್ಕಿದ್ದು ಹಳ್ಳಕ್ಕೆ. ಮನೆಗೆ ಬಂದ ನೆಂಟರಿಗೆಲ್ಲ ಅವನು ಆ ಮೂರನೇ ಗುಂಡಿಯ ಫೋಟೋ ತೋರಿಸುತ್ತಿದ್ದ. ಮದುವೆ ಫೋಟೋವನ್ನು ಇಷ್ಟು ಸಲ ತೋರಿಸಿದ್ದಿಲ್ಲವೆಂದು ಹೆಂಡತಿ ಸೂಫಿಯಾ ಗೊಣಗುತ್ತಿದ್ದಳು.

ನೀರು ಪರೀಕ್ಷೆ ಮಾಡಲು ವಿದ್ಯಾಶ್ರೀ ಎಂಬ ಆಫೀಸರು ಬರುವ ದಿನ ಅವನು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಂದ. ನೋಡಿದರೆ, ಪಕ್ಕದ ಹಳ್ಳಿಯ ಹುಲಿಯಮ್ಮನ ನಾಲ್ಕು ಎಮ್ಮೆಗಳು ಮೂರನೇ ಗುಂಡಿಯಲ್ಲಿ ಮೂಗಿನವರೆಗೆ ಮುಳುಗಿ ಕೂತಿವೆ. ನೀರು ಕಾಫಿಯ ಬಣ್ಣಕ್ಕೆ ತಿರುಗಿತ್ತು.

ಮುಕ್ತಿಯಾರ್ ಗದರಿಸಿದ, ತಟ್ಟೆ ಬಡಿದ, ಲಾರಿಯ ಹಾರನ್ ಹೊಡೆಸಿದ. ಎಮ್ಮೆಗಳು ಕಿವಿ ಅಲ್ಲಾಡಿಸಿದವು, ಅಷ್ಟೇ. ಕೊನೆಗೆ ಹುಲಿಯಮ್ಮನಿಗೆ ಫೋನ್ ಮಾಡಿದ. ಅವಳು ಬೀರೂರಿನ ಬಸ್ಸಿನಲ್ಲಿದ್ದಳು. ತಾನು ಕರೆಯುವ ಹಾಗೆ ಹೆಣ್ಣುದನಿಯಲ್ಲಿ ರಾಗವಾಗಿ ಕರೆದರೆ ಮಾತ್ರ ಅವು ಏಳುವುದು ಎಂದಳು. ಹಾಗಾದರೆ ಫೋನಿನಲ್ಲೇ ಜೋರಾಗಿ ಕರೆಯಕ್ಕಾ ಎಂದು ಇವನು ಬೇಡಿಕೊಂಡ.

"ಬಸ್ ತುಂಬಾ ಜನ ಅವ್ರೆ ಸಾಬ್ರೆ, ನಂಗೆ ನಾಚ್ಕೆ ಆಯ್ತದೆ," ಎಂದಳು ಹುಲಿಯಮ್ಮ. "ನೀವೇ ಕರೀರಿ." ಪಿಸುದನಿಯಲ್ಲಿ ರಾಗ ಹೇಳಿಕೊಟ್ಟು ಫೋನ್ ಇಟ್ಟಳು.

ಮುಕ್ತಿಯಾರ್ ಸುತ್ತಲೂ ನೋಡಿದ. ಸೊಂಟದವರೆಗೆ ನೀರಿಗಿಳಿದು, ಕಣ್ಣು ಮುಚ್ಚಿ, ಸಣ್ಣ ದನಿ ತೆಗೆದ. "ಬಾರವ್ವೋ ನನ್ ಬಂಗಾರೀ..."

ಮೂರನೇ ಸಲಕ್ಕೆ ದೊಡ್ಡ ಎಮ್ಮೆ ಎದ್ದು ನಿಂತಿತು. ಕಣ್ಣು ಬಿಟ್ಟರೆ ಏರಿಯ ಮೇಲೆ ಫೈಲು ಹಿಡಿದ ವಿದ್ಯಾಶ್ರೀ ನಿಂತಿದ್ದಳು. ಅವನು ಕರೆಯುವುದನ್ನು ಅರ್ಧಕ್ಕೇ ನಿಲ್ಲಿಸಿದ.

"ನಿಲ್ಸಬೇಡಿ," ಎಂದಳು ಆಕೆ ಮೆಲ್ಲಗೆ. "ಬರ್ತಾ ಇದಾವೆ."

ವಿಧಿಯಿಲ್ಲದೆ ಅವನು ಕರೆಯುತ್ತಲೇ ಏರಿ ಹತ್ತಿದ. ನಾಲ್ಕೂ ಹಿಂದೆಯೇ ಹತ್ತಿ, ಇಬ್ಬರ ನಡುವೆ ನಿಂತು ಮೈ ಕೊಡವಿದವು. ಇಸ್ತ್ರಿ ಷರಟಿನ ಜೊತೆ ಸರ್ಕಾರಿ ಫೈಲೂ ಕೆಂಪಾಯಿತು.

ವಿದ್ಯಾಶ್ರೀ ಮುಖ ಒರೆಸಿಕೊಂಡು, ಕೆಸರು ತಿಳಿಯಾಗಲೆಂದು ಮಧ್ಯಾಹ್ನದವರೆಗೆ ಕಾದಳು. ಆಮೇಲೆ ಬಾಟಲಿ ತುಂಬಿಸಿ ಬಿಸಿಲಿಗೆ ಹಿಡಿದಳು. ಗುಂಡಿಗಳ ಕೆಲಸ ಚೆನ್ನಾಗಿದೆ, ಸುತ್ತ ಬೇಲಿ ಹಾಕಿಸಿ, ಎಮ್ಮೆಗಳಿಗೆ ಬೇರೆಯೇ ಒಂದು ಗುಂಡಿ ಮಾಡಿಸಿಕೊಡಿ ಎಂದಳು. ಕರೆದ ವಿಷಯ ಮಾತ್ರ ಬರೆಯಬೇಡಿ ಮೇಡಂ ಎಂದು ಮುಕ್ತಿಯಾರ್ ಕೈಮುಗಿದ.

ವರದಿ ಬಂದಾಗ ಅವನು ಎದೆ ಹಿಡಿದುಕೊಂಡೇ ಓದಿದ. ಅದರಲ್ಲಿ ಇದ್ದದ್ದು ಇಷ್ಟೇ: "ಮೇಸ್ತ್ರಿಯವರು ಖುದ್ದಾಗಿ ನೀರಿಗಿಳಿದು, ಸಂಬಂಧಪಟ್ಟವರ ಮನವೊಲಿಸಿ ಹೊರಗೆ ಕರೆತಂದಿರುತ್ತಾರೆ."